ಪ್ರಾಗ್‌ನಲ್ಲಿ ಸುತ್ತಾಟ, ಶಾಪಿಂಗ್: ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಎಚ್ಚರ

ಜೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಹೋಗಿ ಬಂದವರು ಹೇಳುವ ದೂರುಗಳು ಹೆಚ್ಚುಕಡಿಮೆ ಒಂದೇ ಥರ. ಹಣ ಬದಲಿಸುವಾಗ ಒಂದಷ್ಟು ಎಲ್ಲೋ ಮಾಯವಾಯಿತು. ಟಿಕೆಟ್ ಕೈಯಲ್ಲೇ ಇತ್ತು, ಆದರೂ ದಂಡ ಹಾಕಿದರು. ಕೋಟೆಗೆ ಮಧ್ಯಾಹ್ನ ಹೋದೆವು, ಕ್ಯೂನಲ್ಲೇ ಸುಸ್ತಾದೆವು. ಅಲ್ಲಿನ ಹೆಸರಾಂತ ಬೊಹೀಮಿಯಾ ಗಾಜು ಅಂತ ತಂದದ್ದನ್ನು ಮನೆಯಲ್ಲಿ ಬಿಚ್ಚಿ ನೋಡಿದರೆ ಬೇರೆ ಯಾವುದೋ ದೇಶದ ಮಾಲು. ತೆರಿಗೆ ವಾಪಸ್ ಕೇಳೋಣ ಅಂದರೆ ಅಷ್ಟರಲ್ಲಿ ಸೂಟ್‌ಕೇಸ್ ವಿಮಾನ ಹತ್ತಿಯಾಗಿತ್ತು.

ಇವೆಲ್ಲ ಕೆಲಸಗಳನ್ನು ಹಿಂದೆ ಮುಂದೆ ಮಾಡಿದ್ದರ ಫಲ. ಊರು ಚಿಕ್ಕದು, ಎರಡು ದಿನ ಸಾಕು. ಆದರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದು ಗೊತ್ತಿರಬೇಕು. ಚರಿತ್ರೆ ಬೇಕಾದವರಿಗೆ ಬೇಕಾದಷ್ಟು ಕಡೆ ಸಿಗುತ್ತದೆ, ಇಲ್ಲಿ ಅದನ್ನು ಬಿಟ್ಟಿದ್ದೇನೆ.

## ಹೊರಡುವ ಮೊದಲು ಕೈಯಲ್ಲಿರಬೇಕಾದದ್ದು

ಸಂಪರ್ಕರಹಿತವಾಗಿ, ಅಂದರೆ ಮುಟ್ಟಿಸಿ ಹಣ ಕೊಡಬಹುದಾದ ಎರಡು ಕಾರ್ಡ್ ಇರಲಿ. ಫಾರೆಕ್ಸ್ ಕಾರ್ಡಿನಲ್ಲಿ (ವಿದೇಶಿ ಹಣ ತುಂಬಿಸಿಡುವ ಕಾರ್ಡ್) ಬರೀ ಯೂರೋ ತುಂಬಿಸಿದ್ದರೆ ಪ್ರತಿ ಸಲ ಅಲ್ಲಿನ ಹಣವಾದ ಕೊರುನಾಗೆ ಬದಲಾಗುವಾಗ ಶುಲ್ಕ ಬೀಳಬಹುದು, ಎಷ್ಟು ಅಂತ ಬ್ಯಾಂಕಿನಲ್ಲಿ ಕೇಳಿಕೊಂಡೇ ಹೊರಡಿ. ರೂಪಾಯಿ ನೋಟು ತಗೊಂಡು ಹೋಗಬೇಡಿ. ನಗದು ಬೇಕೇ ಬೇಕು ಅಂದರೆ ಸ್ವಲ್ಪ ಯೂರೋ ಇಟ್ಟುಕೊಳ್ಳಿ.

ಫೋನಿನಲ್ಲಿ ಪ್ರಾಗ್ ಸಾರಿಗೆಯ ಪಿಐಡಿ ಲೀತಾಚ್ಕಾ ಆ್ಯಪ್ ಹಾಕಿಕೊಳ್ಳಿ. ಟ್ಯಾಕ್ಸಿಗೆ ಬೋಲ್ಟ್ ಅಥವಾ ಊಬರ್ ಸಾಕು, ಬೀದಿಯಲ್ಲಿ ಕೈ ಅಡ್ಡ ಹಾಕಿ ಟ್ಯಾಕ್ಸಿ ನಿಲ್ಲಿಸುವ ಅಭ್ಯಾಸ ಇಲ್ಲಿ ಬೇಡ.

ಶೂ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಹಳೆಯ ಪೇಟೆಯ ತುಂಬಾ ಕಲ್ಲು ಹಾಸಿದ ರಸ್ತೆಗಳು, ಮಳೆ ಬಂದರೆ ಜಾರುತ್ತವೆ. ಹೀಲ್ಸ್, ತೆಳು ಚಪ್ಪಲಿ ಎರಡೂ ಕೆಲಸಕ್ಕೆ ಬರುವುದಿಲ್ಲ. ನಾವೆಲ್ಲ ನಮ್ಮದೇ ಅಂದುಕೊಂಡಿರುವ ಬಾಟಾ ಹುಟ್ಟಿದ್ದು ಇದೇ ದೇಶದಲ್ಲಿ, 1894ರಲ್ಲಿ, ಜ್ಲೀನ್ ಅನ್ನುವ ಊರಲ್ಲಿ. ಹಾಗಂತ ಅಲ್ಲಿ ಹೊಸ ಶೂ ಕೊಂಡು ಅದೇ ದಿನ ಹಾಕಿಕೊಂಡು ಕೋಟೆ ಹತ್ತಬೇಡಿ. ಹಳೆಯ, ಕಾಲಿಗೆ ಒಗ್ಗಿದ ಶೂ ಸಾಕು.

ಗಾಜು ಕೊಳ್ಳುವ ಯೋಚನೆ ಇದ್ದರೆ ಸೂಟ್‌ಕೇಸಿನಲ್ಲಿ ಒಂದು ಗಟ್ಟಿ ಡಬ್ಬಿ ಹಾಕಿಕೊಂಡು ಹೋಗಿ. ಒಳಗೆ ಸಾಕ್ಸ್ ತುಂಬಿಸಿದರೆ ಜಾಗವೂ ದಂಡವಾಗಲ್ಲ.

## ಹಂತ 1: ಹಣ

ಜೆಕ್ ದೇಶ ಯುರೋಪಿಯನ್ ಒಕ್ಕೂಟದಲ್ಲಿದೆ, ಆದರೆ ಅಲ್ಲಿನ ನಾಣ್ಯ ಯೂರೋ ಅಲ್ಲ, ಕೊರುನಾ. ಒಂದು ಕೊರುನಾ ಅಂದರೆ ಸುಮಾರು 4 ರೂಪಾಯಿ. ಒಂದು ಯೂರೋಗೆ ಸುಮಾರು 24–25 ಕೊರುನಾ. ಈ ಎರಡು ಅಂಕಿ ತಲೆಯಲ್ಲಿದ್ದರೆ ಅರ್ಧ ಮೋಸ ತಪ್ಪಿತು.

ಏರ್‌ಪೋರ್ಟಿನಲ್ಲಿ ಹಣ ಬದಲಿಸಲೇಬೇಡಿ. ಬಸ್ ಟಿಕೆಟ್ ಕಾರ್ಡಿನಲ್ಲೇ ಸಿಗುತ್ತದೆ, ಆದ್ದರಿಂದ ನಗದಿನ ಅವಸರವೇ ಇಲ್ಲ. ಊರೊಳಗೆ ಬಂದ ಮೇಲೆ ಯಾವುದಾದರೂ ಬ್ಯಾಂಕಿಗೆ ಅಂಟಿಕೊಂಡಿರುವ ಎಟಿಎಂ ಹುಡುಕಿ. ಚೆಸ್ಕಾ ಸ್ಪೊರ್ಜಿತೆಲ್ನಾ, ಕೊಮೆರ್ಚ್ನಿ ಬಂಕಾ ಇವು ಎಲ್ಲಾ ಕಡೆ ಸಿಗುವ ಬ್ಯಾಂಕುಗಳು. ಅಂಗಡಿ ಬಾಗಿಲಲ್ಲಿ, ಹೋಟೆಲಿನ ಮೂಲೆಯಲ್ಲಿ ಒಂಟಿಯಾಗಿ ನಿಂತಿರುವ, ಯಾವ ಬ್ಯಾಂಕಿನದೂ ಅಲ್ಲದ ಯಂತ್ರಗಳಿಂದ ದೂರ ಇರಿ, ಶುಲ್ಕವೂ ಜಾಸ್ತಿ, ದರವೂ ಕೆಟ್ಟದು.

ಎಟಿಎಂ ಆಗಲಿ, ಅಂಗಡಿಯ ಕಾರ್ಡ್ ಯಂತ್ರ ಆಗಲಿ, "ನಿಮ್ಮ ದೇಶದ ಹಣದಲ್ಲೇ ಕಟ್ಟಿಸಿಕೊಳ್ಳಲಾ?" ಅಂತ ಕೇಳುತ್ತದೆ. ಪರದೆ ಮೇಲೆ ರೂಪಾಯಿ ಲೆಕ್ಕ ಕಂಡಾಗ ನೆಮ್ಮದಿ ಅನ್ನಿಸುತ್ತದೆ ಅಲ್ವಾ, ಒತ್ತಬೇಡಿ. ಯಾವಾಗಲೂ ಕೊರುನಾ ಅಂತಲೇ ಆರಿಸಿ.

ಕೌಂಟರಿನಲ್ಲೇ ಯೂರೋ ಬದಲಿಸಬೇಕಾಗಿ ಬಂದರೆ ಹೀಗೆ ಮಾಡಿ. ನೋಟು ಜೇಬಲ್ಲೇ ಇರಲಿ. "100 ಯೂರೋ ಕೊಟ್ಟರೆ ನನ್ನ ಕೈಗೆ ಎಷ್ಟು ಕೊರುನಾ ಬರುತ್ತೆ, ಕಾಗದದ ಮೇಲೆ ಬರೆದು ತೋರಿಸಿ" ಅನ್ನಿ. 2400ರ ಹತ್ತಿರ ಇದ್ದರೆ ಸರಿ. ಸುಮಾರು 2000 ಅಂದರೆ ಸುಮ್ನೆ ಹೊರಗೆ ಬನ್ನಿ.

ಎಚ್ಚರಿಕೆಯ ಗುರುತುಗಳು: ದೊಡ್ಡದಾಗಿ ಬರೆದ "ಕಮಿಷನ್ ಸೊನ್ನೆ" (ಕಮಿಷನ್ ಬದಲು ದರದಲ್ಲೇ ಕತ್ತರಿಸುತ್ತಾರೆ). ಬೋರ್ಡಿನಲ್ಲಿ ಅವರು ಯೂರೋ ಮಾರುವ ದರ ಮಾತ್ರ ಎದ್ದು ಕಾಣುವುದು, ಕೊಳ್ಳುವ ದರ ಕಣ್ಣಿಗೆ ಬೀಳದಿರುವುದು. ದೊಡ್ಡ ಮೊತ್ತಕ್ಕೆ ಮಾತ್ರ ಅಂತ ಇರುವ "ವಿಐಪಿ ದರ". ಬೀದಿಯಲ್ಲಿ ಹತ್ತಿರ ಬಂದು ಒಳ್ಳೆಯ ದರ ಕೊಡುತ್ತೇನೆ ಅನ್ನುವ ವ್ಯಕ್ತಿಯಂತೂ ನೇರ ಮೋಸ. ಅವನು ಕೊಡುವ ನೋಟು ಬೇರೆ ದೇಶದ್ದು, ಎಷ್ಟೋ ಸಲ ಚಲಾವಣೆಯಲ್ಲೇ ಇಲ್ಲದ್ದು.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಕಾನೂನು ಇದೆ. 2019ರ ಏಪ್ರಿಲ್‌ನಿಂದ, 1000 ಯೂರೋ ಒಳಗಿನ ವಿನಿಮಯವನ್ನು 3 ಗಂಟೆಯೊಳಗೆ ರದ್ದು ಮಾಡಿಸಬಹುದು. ಅದೇ ಕೌಂಟರಿಗೆ ರಸೀದಿ, ಹಣ ಎರಡನ್ನೂ ತಗೊಂಡು ವಾಪಸ್ ಹೋಗಬೇಕು. ರಸೀದಿ ಎಸೆದರೆ ಹೋಯಿತು. ದಬಾಯಿಸಿದರೆ ಹೆದರಬೇಡಿ, ಕಾನೂನು ನಿಮ್ಮ ಕಡೆ ಇದೆ.

## ಹಂತ 2: ಟ್ರಾಮ್, ಮೆಟ್ರೋ ಟಿಕೆಟ್

ದಂಡ ಬೀಳುವುದು ಟಿಕೆಟ್ ಇಲ್ಲದವರಿಗಿಂತ ಟಿಕೆಟ್‌ಗೆ ಮುದ್ರೆ ಹಾಕಿಸದ ನಮ್ಮಂಥವರಿಗೇ ಜಾಸ್ತಿ ಅನ್ನಿಸುತ್ತದೆ. ಯಂತ್ರದಲ್ಲಿ ಕೊಂಡ ಕಾಗದದ ಟಿಕೆಟ್ ಕೊಂಡ ತಕ್ಷಣ ಚಾಲೂ ಆಗುವುದಿಲ್ಲ. ಮೆಟ್ರೋ ಎಸ್ಕಲೇಟರ್‌ಗೆ ಮುಂಚೆ, ಟ್ರಾಮ್ ಮತ್ತು ಬಸ್ಸಿನ ಒಳಗೆ ಹಳದಿ ಡಬ್ಬಿಗಳಿವೆ. ಅದರಲ್ಲಿ ತೂರಿಸಿ ಸಮಯದ ಮುದ್ರೆ ಹಾಕಿಸಬೇಕು. ಅದೂ ಒಂದೇ ಸಲ. ಮೂರು ದಿನದ ಟಿಕೆಟ್ ಇದ್ದರೂ ಮೊದಲ ಪ್ರಯಾಣದಲ್ಲಿ ಮಾತ್ರ, ಎರಡನೇ ಸಲ ಹಾಕಿದರೆ ಟಿಕೆಟ್ ಕೆಟ್ಟ ಹಾಗೆ.

ಟ್ರಾಮ್ ಒಳಗಿನ ಕಾರ್ಡ್ ಯಂತ್ರದಲ್ಲಿ ಕೊಂಡರೆ ಮುದ್ರೆ ಬೇಕಿಲ್ಲ, ಆ ಕ್ಷಣದಿಂದಲೇ ಅದು ನಡೆಯುತ್ತದೆ. ಆ್ಯಪ್‌ನಲ್ಲಿ ಕೊಂಡರೆ ಹತ್ತುವ ಮೊದಲೇ ಆ್ಯಕ್ಟಿವೇಟ್ ಮಾಡಿ, ಯಾಕೆಂದರೆ ಒತ್ತಿದ ಮೇಲೆ ಚಾಲೂ ಆಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ತಪಾಸಣೆಯವರನ್ನು ಕಂಡ ಮೇಲೆ ಒತ್ತಿದರೆ ಪ್ರಯೋಜನ ಇಲ್ಲ. ಅವರು ಮಾಮೂಲಿ ಬಟ್ಟೆಯಲ್ಲೇ ಇರುತ್ತಾರೆ, ಬ್ಯಾಡ್ಜ್ ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ.

ಏರ್‌ಪೋರ್ಟಿನಿಂದ 59ನೇ ನಂಬರಿನ ಟ್ರಾಲಿಬಸ್ ಹಿಡಿದು ನಾಡ್ರಾಜಿ ವೆಲೆಸ್ಲಾವಿನ್‌ಗೆ ಬನ್ನಿ, ಅಲ್ಲಿಂದ ಹಸಿರು ಬಣ್ಣದ ಎ ಮೆಟ್ರೋ. ಸ್ಟಾರೊಮ್ಯೆಸ್ಟ್‌ಸ್ಕಾ ನಿಲ್ದಾಣದಲ್ಲಿ ಇಳಿದರೆ ಹಳೆಯ ಪೇಟೆ. ಹಳೆಯ ಬರಹಗಳಲ್ಲಿ 119ನೇ ಬಸ್ ಅಂತ ಇರುತ್ತದೆ, 2024ರಲ್ಲಿ ಅದರ ಜಾಗಕ್ಕೆ ಬಂದದ್ದೇ ಈ 59.

## ಹಂತ 3: ಬೆಳಿಗ್ಗೆ ಸೇತುವೆ, ಆಮೇಲೆ ಕೋಟೆ

ಎಲ್ಲರೂ ಮಾಡುವ ತಪ್ಪು ಇದೇ. ಹೋಟೆಲಿನಲ್ಲಿ ನಿಧಾನವಾಗಿ ತಿಂಡಿ ತಿಂದು, ಹತ್ತು ಗಂಟೆಗೆ ಚಾರ್ಲ್ಸ್ ಸೇತುವೆಗೆ ಬಂದು, ಜನರ ನಡುವೆ ತೂರಿಕೊಂಡು ದಾಟಿ, ಆಮೇಲೆ ಬಿಸಿಲಲ್ಲಿ ಗುಡ್ಡ ಹತ್ತಿ ಕೋಟೆಯ ತಪಾಸಣೆ ಕ್ಯೂನಲ್ಲಿ ನಿಲ್ಲುವುದು.

ಬದಲಿಗೆ ಬೆಳಕು ಹರಿಯುವ ಹೊತ್ತಿಗೆ ಹಳೆಯ ಪೇಟೆಯ ಕಡೆಯಿಂದ ಸೇತುವೆ ಹತ್ತಿ. ಉದ್ದ ಸುಮಾರು 516 ಮೀಟರ್, 30 ಪ್ರತಿಮೆಗಳು. ಫೋಟೋ ಎಲ್ಲಾ ಆಗಲೇ ಮುಗಿಸಿ. ಹಗಲು ಹೊತ್ತಿನಲ್ಲಿ ಜೇಬುಗಳ್ಳರಿಗೆ ಇದು ಹಬ್ಬ.

ಸೇತುವೆ ದಾಟಿ ನೇರ ನಡೆದರೆ ಮಾಲೊಸ್ಟ್ರಾನ್‌ಸ್ಕೆ ನಾಮ್ಯೆಸ್ತಿ ಚೌಕ. ಅಲ್ಲಿ 22ನೇ ನಂಬರಿನ ಟ್ರಾಮ್ ಹತ್ತಿ ಪೊಹೊರ್ಜೆಲೆಟ್ಸ್‌ನಲ್ಲಿ ಇಳಿಯಿರಿ. ಇದು ಕೋಟೆಗಿಂತ ಮೇಲಿದೆ, ಗುಡ್ಡ ಹತ್ತುವ ಕಷ್ಟವನ್ನು ಟ್ರಾಮ್ ಮಾಡಿತು, ಇನ್ನು ನಿಮ್ಮದು ಇಳಿಯುವ ಕೆಲಸ ಮಾತ್ರ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಈ ಒಂದು ಬದಲಾವಣೆಯೇ ಸಾಕು. ಸ್ಟ್ರಾಹೋವ್ ಮಠದ ಹತ್ತಿರ ಊರೆಲ್ಲಾ ಕಾಣುತ್ತದೆ, ಅಲ್ಲಿ ಸ್ವಲ್ಪ ನಿಂತು ಲೊರೆಟಾ ಅನ್ನುವ ಚರ್ಚ್ ದಾಟಿ ಕೋಟೆಯ ಮುಂಬಾಗಿಲಿಗೆ ಬನ್ನಿ. ರಸ್ತೆ ಕೆಲಸ ನಡೆಯುವಾಗ ಟ್ರಾಮ್ ದಾರಿ ಬದಲಾಗುತ್ತದೆ, ಹಿಂದಿನ ರಾತ್ರಿ ಆ್ಯಪ್‌ನಲ್ಲಿ ನೋಡಿಕೊಳ್ಳಿ. 22ರಲ್ಲೂ ಬ್ಯಾಗ್ ಮುಂದೆ ಇರಲಿ, ಪ್ರವಾಸಿಗಳು ತುಂಬಿರುವ ಗಾಡಿ ಅದು.

ಕೋಟೆಯ ಅಂಗಳಗಳು ಬೆಳಿಗ್ಗೆ 6ಕ್ಕೇ ತೆರೆಯುತ್ತವೆ, ಅಲ್ಲಿ ಓಡಾಡಲು ಟಿಕೆಟ್ ಬೇಡ. ಕಟ್ಟಡಗಳು 9ಕ್ಕೆ. ನೀವು ಅದಕ್ಕೂ ಸ್ವಲ್ಪ ಮುಂಚೆ ಒಳಗಿರಬೇಕು. ಟಿಕೆಟ್ ಎರಡು ದಿನ ನಡೆಯುತ್ತದೆ, ಆದರೆ ಒಂದೊಂದು ಕಟ್ಟಡಕ್ಕೆ ಒಂದೇ ಸಲ ಪ್ರವೇಶ.

ಒಳಗೆ ಹೋದ ಕೂಡಲೇ ಸೇಂಟ್ ವೀಟಸ್ ಚರ್ಚ್ ನೋಡಿ ಮುಗಿಸಿ, ಅದರ ಕ್ಯೂ ಗಂಟೆಗಂಟೆಗೂ ಬೆಳೆಯುತ್ತದೆ. ಆಮೇಲೆ ಹಳೆಯ ಅರಮನೆ, ಸೇಂಟ್ ಜಾರ್ಜ್ ಚರ್ಚ್, ಕೊನೆಗೆ ಪುಟ್ಟ ಮನೆಗಳ ಓಣಿ ಗೋಲ್ಡನ್ ಲೇನ್. ಭಾನುವಾರ ಬೆಳಿಗ್ಗೆ ಪೂಜೆ ಇರುವುದರಿಂದ ಸೇಂಟ್ ವೀಟಸ್ ಪ್ರವಾಸಿಗಳಿಗೆ ತೆರೆಯುವುದು ಮಧ್ಯಾಹ್ನ. ಹಾಗಾಗಿ ಭಾನುವಾರ ಕೋಟೆ ಬೇಡ. ಚರ್ಚಿನ ದಕ್ಷಿಣ ಗೋಪುರಕ್ಕೆ ಬೇರೆ ಟಿಕೆಟ್, 287 ಮೆಟ್ಟಿಲು, ಲಿಫ್ಟ್ ಇಲ್ಲ. ಮಂಡಿ ನೋವಿದ್ದವರು ಅದನ್ನು ಬಿಡಿ, ನಷ್ಟವೇನೂ ಇಲ್ಲ.

ಹೊರಗೆ ಬರುವಾಗ ಪೂರ್ವದ ಬಾಗಿಲಿನಿಂದ ಹಳೆಯ ಮೆಟ್ಟಿಲುಗಳ ದಾರಿ ಹಿಡಿದರೆ ಮಾಲೊಸ್ಟ್ರಾನ್‌ಸ್ಕಾ ಮೆಟ್ರೋ ಸಿಗುತ್ತದೆ. ಅದರ ಪಕ್ಕದಲ್ಲೇ ವಾಲೆನ್‌ಸ್ಟೈನ್ ಉದ್ಯಾನ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ತೆರೆದಿರುತ್ತದೆ, ದುಡ್ಡಿಲ್ಲ, ನವಿಲುಗಳೂ ಇವೆ. ನಮಗೆ ನವಿಲು ಹೊಸದಲ್ಲ, ಆದರೆ ಕುಳಿತುಕೊಳ್ಳಲು ಬೆಂಚು ಸಿಗುತ್ತದೆ, ಅದು ಆ ಹೊತ್ತಿಗೆ ದೊಡ್ಡದು.

## ಹಂತ 4: ಹಳೆಯ ಪೇಟೆ

ಚೌಕದ ಹಳೆಯ ಪುರಭವನದ ಗೋಡೆಯಲ್ಲಿರುವ ಖಗೋಳ ಗಡಿಯಾರದ ಬೊಂಬೆಗಳು ಬೆಳಿಗ್ಗೆ 9ರಿಂದ ರಾತ್ರಿ 11ರವರೆಗೆ ಗಂಟೆಗೊಮ್ಮೆ ಬರುತ್ತವೆ. ಒಂದು ನಿಮಿಷದೊಳಗೆ ಮುಗಿಯುತ್ತದೆ. ಎಲ್ಲರ ತಲೆ ಮೇಲಕ್ಕೆ, ಫೋನ್ ಮೇಲಕ್ಕೆ, ಕಳ್ಳನ ಕೈ ಕೆಳಗೆ. ಗುಂಪಿನ ಹಿಂದೆ ನಿಂತು ನೋಡಿ. ಅದಕ್ಕಿಂತ ಅದೇ ಪುರಭವನದ ಗೋಪುರ ಹತ್ತುವುದು ಒಳ್ಳೆಯದು, ಲಿಫ್ಟ್ ಇದೆ.

ಯಹೂದಿ ಕೇರಿಯ ಸಿನಗಾಗ್‌ಗಳು (ಅವರ ಪ್ರಾರ್ಥನಾ ಮಂದಿರಗಳು), ಹಳೆಯ ಸ್ಮಶಾನ ಶನಿವಾರ ಮುಚ್ಚಿರುತ್ತವೆ. ಯಹೂದಿ ಹಬ್ಬಗಳಲ್ಲೂ ಅಷ್ಟೇ. ವಾರಾಂತ್ಯಕ್ಕೆ ಜರ್ಮನಿಯಿಂದ ಬರುವ ನಮ್ಮ ಸಾಫ್ಟ್‌ವೇರ್ ಹುಡುಗರು ಶುಕ್ರವಾರ ರಾತ್ರಿ ಬಂದು ಶನಿವಾರ ಇಲ್ಲಿಗೆ, ಭಾನುವಾರ ಬೆಳಿಗ್ಗೆ ಕೋಟೆಗೆ ಹೋಗಿ ಎರಡೂ ಕಡೆ ಬಾಗಿಲು ನೋಡಿಕೊಂಡು ಬರುತ್ತಾರೆ. ಅದಲು ಬದಲು ಮಾಡಿ: ಶನಿವಾರ ಕೋಟೆ, ಭಾನುವಾರ ಯಹೂದಿ ಕೇರಿ.

ಸೇಂಟ್ ನಿಕೋಲಸ್ ಹೆಸರಿನ ಚರ್ಚ್ ಎರಡಿವೆ. ಒಂದು ಹಳೆಯ ಪೇಟೆಯ ಚೌಕದಲ್ಲಿ, ಇನ್ನೊಂದು ನದಿಯಾಚೆ. ಬೀದಿಯಲ್ಲಿ ಸಂಗೀತ ಕಛೇರಿಯ ಟಿಕೆಟ್ ಕೊಳ್ಳುವವರು ಯಾವ ಚರ್ಚ್ ಅಂತ ವಿಳಾಸ ನೋಡಿಯೇ ಹಣ ಕೊಡಿ.

## ಹಂತ 5: ನಡುವೆ ಊಟ

ಚೌಕದ ಗಾಡಿಗಳಲ್ಲಿ ಬೋರ್ಡಿನ ಮೇಲಿನ ಬೆಲೆ 100 ಗ್ರಾಂಗೆ ಇರಬಹುದು. ಹಂದಿ ಮಾಂಸದ ತುಂಡು ಕತ್ತರಿಸಿ ತಟ್ಟೆಗೆ ಹಾಕಿ ತೂಗಿದ ಮೇಲೆ ಅದು ಮೂರು ನಾಲ್ಕು ಪಟ್ಟು ಆಗಿರುತ್ತದೆ. ಕತ್ತರಿಸುವ ಮೊದಲೇ ಒಟ್ಟು ಎಷ್ಟು ಅಂತ ಕೇಳಿ. ಕೆಂಡದ ಮೇಲೆ ಸುತ್ತಿ ಸುಡುವ ಟ್ರಡೆಲ್‌ನಿಕ್ ಅನ್ನು ಪ್ರಾಗ್‌ನ ಹಳೆಯ ತಿಂಡಿ ಅಂತ ಮಾರುತ್ತಾರೆ. ಅದು ಪ್ರವಾಸಿಗಳಿಗೋಸ್ಕರ ಇತ್ತೀಚೆಗೆ ಬಂದದ್ದು. ರುಚಿಗೆ ಒಂದು ತಿನ್ನಿ, ಪರಂಪರೆ ಅಂತ ದುಬಾರಿ ಕೊಡಬೇಡಿ.

ಸಸ್ಯಾಹಾರಿಗಳು ಸೂಪ್ ವಿಷಯದಲ್ಲಿ ಮೋಸ ಹೋಗುತ್ತಾರೆ. ಆಲೂಗಡ್ಡೆ ಸೂಪ್, ಬೆಳ್ಳುಳ್ಳಿ ಸೂಪ್ ಅಂತ ಬರೆದಿದ್ದರೂ ಮಾಂಸದ ಸಾರಿನಲ್ಲೇ ಮಾಡಿರಬಹುದು, ಕೇಳಿಯೇ ತೀರಬೇಕು. ಕರಿದ ಚೀಸ್, ಅಂದರೆ ಸ್ಮಾಜೆನಿ ಸೀರ್, ಬಹಳ ಕಡೆ ಸಿಗುತ್ತದೆ (ಜೊತೆಗೆ ಕೊಡುವ ಟಾರ್ಟರ್ ಸಾಸ್‌ನಲ್ಲಿ ಮೊಟ್ಟೆ ಇರುತ್ತದೆ). ಅನ್ನ, ಬೇಳೆ ಬೇಕೇ ಬೇಕು ಅನ್ನಿಸಿದರೆ ಧಾಬಾ ಬಿಯಾಸ್ ಅನ್ನುವ ಪೂರ್ತಿ ಸಸ್ಯಾಹಾರಿ ಹೋಟೆಲುಗಳಿವೆ, ನೀವೇ ಬಡಿಸಿಕೊಂಡು ತೂಕದ ಲೆಕ್ಕದಲ್ಲಿ ಹಣ ಕೊಡುವುದು.

## ಹಂತ 6: ಶಾಪಿಂಗ್

ಮೊದಲ ದಿನ ಏನೂ ಕೊಳ್ಳಬೇಡಿ. ನೋಡಿ, ಬೆಲೆ ಬರೆದುಕೊಳ್ಳಿ, ಬನ್ನಿ. ಸೇತುವೆಯಿಂದ ಚೌಕಕ್ಕೆ ಹೋಗುವ ಕಿರಿದಾದ ದಾರಿಯ ಅಂಗಡಿಗಳಲ್ಲಿ ಬೆಲೆ ಜಾಸ್ತಿ, ಮಾಲು ಎಲ್ಲದರಲ್ಲೂ ಒಂದೇ. ಒಂದರೊಳಗೊಂದು ಕೂರುವ ಮರದ ಬೊಂಬೆ ರಷ್ಯಾದ್ದು. ಅಂಬರ್, ಅಂದರೆ ಕಲ್ಲಿನಂತೆ ಗಟ್ಟಿಯಾದ ಮರದ ಅಂಟು, ಬಾಲ್ಟಿಕ್ ಸಮುದ್ರದ ಕಡೆಯದು. ಇವೆರಡನ್ನೂ ಪ್ರಾಗ್‌ನ ನೆನಪು ಅಂತ ತರಬೇಡಿ.

ಗಾಜು. ಸ್ಟಿಕ್ಕರ್ ನಂಬಬೇಡಿ, ಅದನ್ನು ಯಾರು ಬೇಕಾದರೂ ಅಂಟಿಸಬಹುದು. ತಳದಲ್ಲಿ ಕೊರೆದ ಗುರುತು ನೋಡಿ, ತಯಾರಕರ ಹೆಸರು ಬಿಲ್ಲಿನಲ್ಲಿ ಬರೆಸಿ. ಸೀಸ ಬೆರೆತ ಕ್ರಿಸ್ಟಲ್ ಕೈಯಲ್ಲಿ ಭಾರವಾಗಿರುತ್ತದೆ, ಬೆರಳಿನಿಂದ ತಟ್ಟಿದರೆ ದನಿ ಸ್ವಲ್ಪ ಹೊತ್ತು ಉಳಿಯುತ್ತದೆ. ಆದರೆ ಈ ಪರೀಕ್ಷೆ ಎಲ್ಲದಕ್ಕೂ ನಡೆಯಲ್ಲ: 1857ರಲ್ಲಿ ಕಾರ್ಲೊವಿ ವಾರಿ ಅನ್ನುವ ಊರಲ್ಲಿ ಶುರುವಾದ ಮೋಸರ್ ಕಂಪನಿಯ ದುಬಾರಿ ಗಾಜಿನಲ್ಲಿ ಸೀಸವೇ ಇಲ್ಲ. ಸೀಸದ ಪಾತ್ರೆಯಲ್ಲಿ ಪಾನೀಯವನ್ನು ದಿನಗಟ್ಟಲೆ ತುಂಬಿಡಬಾರದು ಅನ್ನುವುದೂ ನೆನಪಿರಲಿ. ಗಾಜಿನ ಅಂಚಿನ ಮೇಲೆ ಬೆರಳಾಡಿಸಿ, ಕೆತ್ತನೆ ಚೂಪಾಗಿದೆಯಾ, ಅಚ್ಚಿನಲ್ಲಿ ಒತ್ತಿದ ಹಾಗೆ ಮೊಂಡಾಗಿದೆಯಾ ನೋಡಿ. ಮೊಂಡಾಗಿದ್ದರೆ ಕೈಕೆಲಸ ಅಂತ ಹೇಳುವ ಬೆಲೆ ಕೊಡಬೇಡಿ.

ಗಾರ್ನೆಟ್. ಜೆಕ್ ಗಾರ್ನೆಟ್ ಅಂದರೆ ಪೈರೋಪ್ ಅನ್ನುವ ಹರಳು, ಬೆಂಕಿಯಂಥ ಕಡುಗೆಂಪು. ಕಲ್ಲುಗಳು ಚಿಕ್ಕವು, ಅದಕ್ಕೇ ಹಳೆಯ ಒಡವೆಗಳಲ್ಲಿ ಚಿಕ್ಕ ಚಿಕ್ಕ ಹರಳುಗಳನ್ನು ಒತ್ತೊತ್ತಾಗಿ ಕೂರಿಸಿರುತ್ತಾರೆ. ಅಗ್ಗದ ಉಂಗುರದಲ್ಲಿ ಒಂದೇ ದೊಡ್ಡ ಹರಳು ಹೊಳೆಯುತ್ತಿದ್ದರೆ ಅನುಮಾನ ಪಡಿ. ಅದು ಆಲ್ಮಂಡೈನ್ ಅನ್ನುವ ಬೇರೆ ಗಾರ್ನೆಟ್ ಆಗಿರಬಹುದು, ಬರೀ ಗಾಜೂ ಆಗಿರಬಹುದು. ಗ್ರಾನಾಟ್ ಟುರ್ನೊವ್ ಅನ್ನುವ ಸಹಕಾರ ಸಂಘ ಕಲ್ಲು ತೆಗೆಯುವುದರಿಂದ ಒಡವೆ ಮಾಡುವವರೆಗೆ ತಾನೇ ನೋಡಿಕೊಳ್ಳುತ್ತದೆ. ಅವರ ಅಂಗಡಿ ದ್ಲೌಹಾ ಬೀದಿಯಲ್ಲಿದೆ. ಬೇರೆ ಕಡೆ ಕೊಳ್ಳುವುದಾದರೂ ಮೊದಲು ಅಲ್ಲಿಗೆ ಹೋಗಿ ಬಣ್ಣ, ಬೆಲೆ ಕಣ್ಣಿಗೆ ಅಭ್ಯಾಸ ಮಾಡಿಕೊಳ್ಳಿ. ಯಾವ ಅಂಗಡಿಯಾದರೂ ಸರಿ, ಕಲ್ಲಿನ ಹೆಸರು ಬರೆದ ಸರ್ಟಿಫಿಕೇಟ್ ಕೊಡಲು ಹಿಂದೇಟು ಹಾಕಿದರೆ ಎದ್ದು ಬನ್ನಿ. ಇನ್ನೊಂದು ಮಾತು, ಅಲ್ಲಿ ಸಾಮಾನ್ಯವಾಗಿ ಸಿಗುವ ಚಿನ್ನ 14 ಕ್ಯಾರೆಟ್, ಒಳಗೆ 585 ಅಂತ ಗುರುತಿರುತ್ತದೆ. ನಮ್ಮ 22 ಕ್ಯಾರೆಟ್ ಲೆಕ್ಕ ಹಾಕಿ ಹೂಡಿಕೆ ಅಂದುಕೊಂಡು ಕೊಳ್ಳಬೇಡಿ, ಇಷ್ಟವಾದರೆ ಹಾಕಿಕೊಳ್ಳಲು ಕೊಳ್ಳಿ.

ಹಗುರ ಉಡುಗೊರೆ. ಆಫೀಸಿನವರಿಗೆ, ಅಕ್ಕಪಕ್ಕದ ಮನೆಯವರಿಗೆ ಕೊಡಲು ಕೊಹಿ-ನೂರ್ ಪೆನ್ಸಿಲ್ ನನ್ನ ಆಯ್ಕೆ. ನಮ್ಮ ವಜ್ರದ ಹೆಸರಿಟ್ಟುಕೊಂಡ ಜೆಕ್ ಕಂಪನಿ. ಮುಳ್ಳುಹಂದಿ ಆಕಾರದ ಮರಕ್ಕೆ ಬಣ್ಣದ ಪೆನ್ಸಿಲ್ ಚುಚ್ಚಿಟ್ಟದ್ದು ಮಕ್ಕಳಿಗೆ ಹಿಡಿಸುತ್ತದೆ, ಒಡೆಯುವ ಭಯವಿಲ್ಲ. ಮಕ್ಕಳಿಗೆ ಕ್ರ್ಟೆಕ್ ಅನ್ನುವ ಇಲಿಯಂಥ ಕಾರ್ಟೂನ್ ಪ್ರಾಣಿಯ ಬೊಂಬೆಯೂ ಆದೀತು. ಕಾರ್ಲೊವಿ ವಾರಿ ವೇಫರ್‌ಗಳನ್ನು ಪ್ರವಾಸಿ ಅಂಗಡಿ ಬಿಟ್ಟು ಆಲ್ಬರ್ಟ್, ಬಿಲ್ಲಾ ಥರದ ಸೂಪರ್‌ಮಾರ್ಕೆಟ್‌ನಲ್ಲಿ ಕೊಳ್ಳಿ.

ಹಾವೆಲ್‌ಸ್ಕಾ ಸಂತೆಯಲ್ಲಿ ಹಣ್ಣಿನ ಬೆಲೆ ಎಷ್ಟು ಗ್ರಾಂಗೆ ಅಂತ ಕೇಳಿ, ಮೇಲೆ ಹೇಳಿದ ತೂಕದ ಆಟ ಇಲ್ಲೂ ಇರಬಹುದು.

ದಸರಾ, ದೀಪಾವಳಿ ರಜೆಗೆ ಹೋಗುವವರು ಎರಡು ತಾರೀಖು ಬರೆದಿಟ್ಟುಕೊಳ್ಳಿ: ಸೆಪ್ಟೆಂಬರ್ 28, ಅಕ್ಟೋಬರ್ 28. ಇವು ರಾಷ್ಟ್ರೀಯ ರಜೆಗಳು, 200 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಕಾನೂನಿನಂತೆ ಮುಚ್ಚಿರಬೇಕು. ಬೇಸಿಗೆ ರಜೆಯವರಿಗೆ ಮೇ 8 ಹಾಗೆಯೇ. ಚಿಕ್ಕ ಅಂಗಡಿಗಳು ತೆರೆದಿರುತ್ತವೆ, ಮಾಲ್ ಮತ್ತು ಸೂಪರ್‌ಮಾರ್ಕೆಟ್ ಇರಲ್ಲ.

## ಹಂತ 7: ತೆರಿಗೆ ವಾಪಸ್

ಕೊಂಡ ಸಾಮಾನಿನ ಬೆಲೆಯಲ್ಲೇ ಸೇರಿರುವ ತೆರಿಗೆಯನ್ನು ವಾಪಸ್ ಪಡೆಯುವುದು ಇದು, ಯುರೋಪಿಯನ್ ಒಕ್ಕೂಟದ ಹೊರಗೆ ವಾಸಿಸುವವರಿಗೆ ಮಾತ್ರ. ಭಾರತದ ಪಾಸ್‌ಪೋರ್ಟ್ ಇದ್ದರೂ ಜರ್ಮನಿಯಲ್ಲೋ ನೆದರ್‌ಲ್ಯಾಂಡ್ಸ್‌ನಲ್ಲೋ ಕೆಲಸ ಮಾಡಿಕೊಂಡು ಅಲ್ಲೇ ನೆಲೆಸಿರುವವರಿಗೆ ಸಿಗುವುದಿಲ್ಲ. ಊರಿಂದ ಬಂದ ಅಪ್ಪ ಅಮ್ಮನಿಗೆ ಸಿಗುತ್ತದೆ, ಆದರೆ ಬಿಲ್, ಫಾರಂ ಎರಡೂ ಅವರ ಹೆಸರಿನಲ್ಲಿ, ಅವರ ಪಾಸ್‌ಪೋರ್ಟ್ ನಂಬರಿನಲ್ಲಿ ಇರಬೇಕು.

1. ಒಂದೇ ಅಂಗಡಿಯಲ್ಲಿ, ಒಂದೇ ದಿನ, 2000 ಕೊರುನಾಗಿಂತ ಜಾಸ್ತಿ ಕೊಂಡಿರಬೇಕು. ಅದಕ್ಕೇ ಉಡುಗೊರೆಗಳನ್ನು ಐದು ಕಡೆ ಹಂಚಿ ಕೊಳ್ಳುವ ಬದಲು ಒಂದು ಕಡೆ ಸೇರಿಸಿ ಕೊಳ್ಳಿ.

2. ಹಣ ಕೊಡುವ ಮೊದಲೇ ತೆರಿಗೆ ವಾಪಸ್ ಫಾರಂ ಕೊಡುತ್ತೀರಾ ಅಂತ ಕೇಳಿ. ಎಲ್ಲಾ ಅಂಗಡಿಯವರೂ ಕೊಡುವುದಿಲ್ಲ. ಪಾಸ್‌ಪೋರ್ಟ್ ಜೊತೆಗಿರಲಿ.

3. ಕೊಂಡದ್ದನ್ನು ಬಳಸಬೇಡಿ. ಕಸ್ಟಮ್ಸ್‌ನವರು ತೋರಿಸಿ ಅಂದರೆ ಪ್ಯಾಕ್ ಒಡೆಯದೆ ತೋರಿಸಬೇಕು.

4. ಒಕ್ಕೂಟ ಬಿಡುವ ಕೊನೆಯ ಏರ್‌ಪೋರ್ಟಿನಲ್ಲಿ ಕಸ್ಟಮ್ಸ್ ದೃಢೀಕರಣ. ದುಬೈ ಅಥವಾ ದೋಹಾ ಮೂಲಕ ಬೆಂಗಳೂರಿಗೆ ಬರುವವರಿಗೆ ಅದು ಪ್ರಾಗ್‌ನಲ್ಲೇ ಆಗಬೇಕು. ಫ್ರಾಂಕ್‌ಫರ್ಟ್ ಮೂಲಕ ಬರುವವರು, ಸಾಮಾನು ಕೈಚೀಲದಲ್ಲಿದ್ದರೆ ಫ್ರಾಂಕ್‌ಫರ್ಟ್‌ನಲ್ಲಿ ಮಾಡಿಸಬಹುದು. ಆದರೆ ಸೂಟ್‌ಕೇಸಿಗೆ ನೇರ ಬೆಂಗಳೂರಿನ ಟ್ಯಾಗ್ ಬೀಳುವುದಾದರೆ ಅದನ್ನು ಪ್ರಾಗ್‌ನಲ್ಲಿ ಬೆಲ್ಟಿಗೆ ಬಿಡುವ ಮೊದಲೇ ಮಾಡಿಸಿ. ಚೆಕ್-ಇನ್ ಕೌಂಟರಿನಲ್ಲಿ ಮೊದಲ ಮಾತೇ "ಇದರಲ್ಲಿ ತೆರಿಗೆ ವಾಪಸ್ ಸಾಮಾನು ಇದೆ" ಅಂತ ಇರಲಿ, ಅವರು ಕಸ್ಟಮ್ಸ್ ಕಡೆ ಕಳಿಸುತ್ತಾರೆ. ಇದಕ್ಕಾಗಿ ಮಾಮೂಲಿಗಿಂತ ಒಂದು ಗಂಟೆ ಬೇಗ ಹೋಗಿ.

5. ಮುದ್ರೆ ಬಿದ್ದ ಮೇಲೆ ಹಣದ ಕೌಂಟರ್. ತೆರಿಗೆ ದರ 21 ಶೇಕಡಾ ಇದ್ದರೂ ಮಧ್ಯದ ಕಂಪನಿ ತನ್ನ ಪಾಲು ಹಿಡಿದುಕೊಳ್ಳುವುದರಿಂದ ಅಷ್ಟೂ ಕೈಗೆ ಬರುವುದಿಲ್ಲ. ನಗದು ತಗೊಂಡರೆ ಇನ್ನೂ ಸ್ವಲ್ಪ ಕತ್ತರಿ ಬೀಳಬಹುದು, ಕಾರ್ಡಿಗೆ ಹಾಕಿಸಿದರೆ ಕಾಯಬೇಕು. ನಾನಾದರೆ ಕಾರ್ಡ್. ಯಾವುದೇ ಆದರೂ, ಮುದ್ರೆ ಬಿದ್ದ ಫಾರಂನ ಎರಡೂ ಬದಿಯ ಫೋಟೋ ತೆಗೆದುಕೊಂಡ ಮೇಲೆಯೇ ಅದನ್ನು ಡಬ್ಬಿಗೆ ಹಾಕಿ, ಹಣ ಬಾರದಿದ್ದರೆ ಕೇಳಲು ನಿಮ್ಮ ಹತ್ತಿರ ಉಳಿಯುವುದು ಅದೊಂದೇ.